ಕೈ ಬೀಸಿದವನು

ಆ ಶೆಡ್ಡಿನಲ್ಲಿ ಅವನನ್ನು ಹದ್ದು ಎಂದೇ ಕರೆಯುತ್ತಿದ್ದರು. ಲಾರಿಗಳಲ್ಲಿ ಬರುವ ಕಬ್ಬಿಣದ ಪೈಪಿನ ಕಟ್ಟುಗಳನ್ನು ಇಳಿಸಿ ಅಟ್ಟಿಯಾಗಿ ಒಟ್ಟುವ ಜಾಗ ಅದು. ಸೂರಿನ ಕೆಳಗೆ ಉದ್ದಕ್ಕೂ ಹಳಿ, ಹಳಿಯ ಮೇಲೆ ಕ್ರೇನು, ಕ್ರೇನಿಗೆ ಜೋತುಬಿದ್ದ ಗಾಜಿನ ಕ್ಯಾಬಿನ್ನು. ಅದರೊಳಗೆ ಕುಳಿತು ಅವನು ಒಂದೊಂದು ಕಟ್ಟನ್ನೂ ಎತ್ತಿ, ಶೆಡ್ಡಿನ ಈ ತುದಿಯಿಂದ ಆ ತುದಿಗೆ ತೇಲಿಸಿಕೊಂಡು ಹೋಗಿ, ಎರಡು ಅಟ್ಟಿಗಳ ನಡುವಿನ ಸಂದಿನಲ್ಲಿ ನಿದ್ದೆ ಹೋದ ಮಗುವನ್ನು ಮಲಗಿಸುವಷ್ಟು ಮೆಲ್ಲಗೆ ಇಳಿಸುತ್ತಿದ್ದ. ಹೊಸದಾಗಿ ಬಂದ ಲಾರಿ ಡ್ರೈವರುಗಳು ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತಿದ್ದರು. ನೆಲದ ಮೇಲೆ ಇರುವೆ ಹರಿದರೂ ಅವನ ಕಣ್ಣಿಗೆ ಬೀಳುತ್ತದೆ ಎಂದು ಹಳಬರು ಅವರಿಗೆ ಹೇಳುತ್ತಿದ್ದರು.

ನಿಜ ಅದಕ್ಕೆ ತದ್ವಿರುದ್ಧವಾಗಿತ್ತು. ಸರಕು ಗಾಳಿಯಲ್ಲಿರುವಾಗ ಅವನಿಗೆ ಕಾಣುತ್ತಿದ್ದದ್ದು ಒಂದೇ ಒಂದು: ಕೆಳಗೆ ನಿಂತು ಸಿಗ್ನಲ್ ಕೊಡುವವನ ಕೈ. ಬಿಳಿ ಗ್ಲೌಸು ಹಾಕಿದ ಆ ಕೈ ಮೇಲೆಂದರೆ ಮೇಲೆ, ಎಡಕ್ಕೆಂದರೆ ಎಡಕ್ಕೆ, ಮುಷ್ಟಿ ಕಟ್ಟಿತೆಂದರೆ ಅಲ್ಲಿಗೇ ನಿಲ್ಲಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ಕೆಳಗಿನಿಂದ ಯಾರೋ ಸಿಳ್ಳೆ ಹೊಡೆದರೆಂದು ಅತ್ತ ಕಣ್ಣು ಹಾಯಿಸಿದ್ದ. ಅಷ್ಟರಲ್ಲಿ ಕಟ್ಟಿನ ಬಾಲ ತಿರುಗಿ ಒಂದು ಲಾರಿಯ ಮುಂಭಾಗವನ್ನು ಹಪ್ಪಳ ಮಾಡಿತ್ತು. ಡ್ರೈವರ್ ನೀರು ಕುಡಿಯಲು ಇಳಿದಿದ್ದರಿಂದ ಜೀವ ಉಳಿಯಿತು. ಅಂದಿನಿಂದ ಅವನು ನೋಡದೆ ಇರುವುದನ್ನು ಕಲಿತ. ಹೊಸಬರು ಬೇಕೆಂದೇ ಕೈ ಆಡಿಸುತ್ತಿದ್ದರು, ಕೂಗುತ್ತಿದ್ದರು, ಸೂರಿನ ಪಾರಿವಾಳಗಳು ಗಾಜಿನ ಮುಂದೆಯೇ ಹಾರುತ್ತಿದ್ದವು. ಬರುಬರುತ್ತ ಇದ್ಯಾವುದೂ ಅವನೊಳಗೆ ಇಳಿಯದಂತಾಯಿತು. ಕಣ್ಣು ತೆರೆದೇ ಇರುತ್ತಿತ್ತು, ಆದರೆ ಬಾಗಿಲು ಒಂದೇ ಕೈಗೆ ತೆರೆಯುತ್ತಿತ್ತು.

‘ಸರಕು ಗಾಳೀಲಿದ್ದಾಗ ಸತ್ತ ನಮ್ಮಪ್ಪ ಎದ್ದು ಬಂದು ನಿಂತ್ರೂ ನಂಗೆ ಕಾಣಲ್ಲ’ ಎಂದು ಅವನು ಊಟದ ಹೊತ್ತಿನಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಎಲ್ಲರೂ ನಗುತ್ತಿದ್ದರು.

ಸಿಗ್ನಲ್ ಕೊಡುತ್ತಿದ್ದವನಿಗೆ ಮೂಗ ಎಂದು ಅಡ್ಡಹೆಸರು. ಕೆಲಸದ ಹೊತ್ತಿನಲ್ಲಿ ಅವನದು ಕೈ ಮಾತು ಮಾತ್ರ, ಆ ಗದ್ದಲದಲ್ಲಿ ಬಾಯಿ ಯಾರಿಗೆ ಕೇಳಬೇಕು. ಕೆಲಸ ಮುಗಿಯಿತೋ, ಬೆಳಗಿನಿಂದ ಕೂಡಿಟ್ಟದ್ದನ್ನೆಲ್ಲ ಒಂದೇ ಉಸಿರಿಗೆ ಸುರಿದುಬಿಡುತ್ತಿದ್ದ. ಶೆಡ್ಡಿನಲ್ಲಿ ಅವನಷ್ಟು ಮಾತಿನ ಮಲ್ಲ ಇನ್ನೊಬ್ಬನಿರಲಿಲ್ಲ.

ಹದ್ದುವಿಗೆ ಮದುವೆಯಾಗಿರಲಿಲ್ಲ. ಮೇಲಿನ ಮಹಡಿಯಲ್ಲಿ ಅವನು ಮತ್ತು ಅಮ್ಮ, ಕೆಳಗಿನ ಮನೆಯಲ್ಲಿ ತಮ್ಮ, ತಮ್ಮನ ಹೆಂಡತಿ, ಅವರ ಪುಟ್ಟ ಮಗಳು. ಎರಡು ಮನೆ ಎಂದು ಹೆಸರಿಗೆ. ಸಂಜೆಯಾದರೆ ಅವನ ಊಟ ಕೆಳಗೇ, ಊಟ ಮುಗಿಯುವವರೆಗೆ ಮಗು ಅವನ ತೊಡೆ ಬಿಟ್ಟು ಇಳಿಯುತ್ತಿರಲಿಲ್ಲ. ತಮ್ಮನನ್ನು ಶೆಡ್ಡಿಗೆ ಸೇರಿಸಿದ್ದೂ ಅವನೇ. ಕಟ್ಟುಗಳಿಗೆ ಸರಪಳಿ ಬಿಗಿಯುವ ತಂಡದಲ್ಲಿ ತಮ್ಮನಿಗೆ ಕೆಲಸ. ಕೈ ಚುರುಕು, ಆದರೆ ಸ್ವಲ್ಪ ಉಡಾಫೆ. ಅಣ್ಣ ಮೇಲಿದ್ದಾನೆ, ನನಗೇನು ಎನ್ನುವ ಧೈರ್ಯ.

ಒಂದು ದಿನ ಊಟವಾದ ಮೇಲೆ ತಮ್ಮ ಪೈಪಿನ ಅಟ್ಟಿಯ ಮೇಲೆಯೇ ಮಲಗಿ ನಿದ್ದೆ ಹೋದ. ಹದ್ದು ಆ ಅಟ್ಟಿಯ ಮೇಲೆ ಕಟ್ಟು ಇಳಿಸುತ್ತಿದ್ದ. ಕೊನೆಯ ಗಳಿಗೆಯಲ್ಲಿ ಮೂಗ ಮುಷ್ಟಿ ಕಟ್ಟದಿದ್ದರೆ ಅಂದೇ ಆಗಬಾರದ್ದು ಆಗುತ್ತಿತ್ತು. ಹದ್ದು ಕೆಳಗಿಳಿದು ಬಂದವನು ನೇರ ಶೆಡ್ಡಿನ ಮೇಲ್ವಿಚಾರಕನ ಕೋಣೆಗೆ ಹೋಗಿ ತಮ್ಮನ ಮೇಲೆ ದೂರು ಹೇಳಿದ. ತಮ್ಮನನ್ನು ಕೆಲವು ದಿನ ಕೆಲಸದಿಂದ ಹೊರಗಿಟ್ಟರು.

ಗೇಟಿನ ಹತ್ತಿರ ಎಲ್ಲರೆದುರೇ ಇಬ್ಬರಿಗೂ ಮಾತು ಬೆಳೆಯಿತು.

‘ಮನೇಲಿ ಬೈದಿದ್ರೆ ಆಗ್ತಿರ್ಲಿಲ್ವಾ? ಹೊಡೆದಿದ್ರೂ ಹೊಡೆಸ್ಕೊಳ್ತಿದ್ದೆ. ನನ್ನ ಮರ್ಯಾದೆ ತೆಗೆದೆಯಲ್ಲ’ ಎಂದ ತಮ್ಮ.

‘ನನ್ನ ಕೈಯಾರೆ ನಿನ್ನ ಹೆಣ ಬಿದ್ದಿದ್ರೆ ಆಗ ಮರ್ಯಾದೆ ಉಳೀತಿತ್ತಾ?’

‘ನಂಗೊಬ್ಬ ಅಣ್ಣ ಇದ್ದ ಅಂತ ಮರ್ತುಬಿಡ್ತೀನಿ ಬಿಡು.’

‘ಮರ್ತುಬಿಡು. ಇನ್ಮೇಲೆ ನನ್ನ ಕಣ್ಣೆದುರಿಗೆ ಬರ್ಬೇಡ.’

ಕೈಗೆ ಸೋಪು ಹಚ್ಚಿಕೊಳ್ಳುತ್ತ ನಲ್ಲಿಯ ಹತ್ತಿರ ನಿಂತಿದ್ದವರೆಲ್ಲ ಈ ಮಾತನ್ನು ಕೇಳಿಸಿಕೊಂಡರು. ಅಂದಿನಿಂದ ಹದ್ದು ಕೆಳಗಿನ ಮನೆಗೆ ಊಟಕ್ಕೆ ಹೋಗಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಇಬ್ಬರೂ ಗೋಡೆ ನೋಡುತ್ತ ಹೋಗುತ್ತಿದ್ದರು. ಅಮ್ಮ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓಡಾಡಿ ಮಂಡಿ ನೋವು ತಂದುಕೊಂಡಳು.

ತಮ್ಮ ಮತ್ತೆ ಕೆಲಸಕ್ಕೆ ಬಂದ ದಿನವೇ ಅದು ನಡೆಯಿತು.

ಅಂದು ಬಂದಿದ್ದ ಪೈಪುಗಳು ಮಾಮೂಲಿಗಿಂತ ಉದ್ದ. ಕಟ್ಟು ಸ್ವಲ್ಪ ಹೆಚ್ಚು ವಾಲಿದರೂ ಗೋಡೆಯ ಕಂಬಕ್ಕೆ ತಾಕುವಂತಿತ್ತು. ಒಂದು ಲಾರಿ ಹಾರನ್ ಹಾಕುತ್ತ ಹಿಂದೆ ಬರುತ್ತಿತ್ತು, ಮೂಲೆಯಲ್ಲಿ ಬೆಸುಗೆಯ ಕಿಡಿ ಸಿಡಿಯುತ್ತಿತ್ತು. ಮೂಗನ ಕೈ ನಿಧಾನ, ನಿಧಾನ ಎನ್ನುತ್ತಿತ್ತು. ಬೆರಳುಗಳು ಒಂದಿಷ್ಟು ಬಲಕ್ಕೆ ಕರೆದವು, ಮತ್ತೆ ಸ್ವಲ್ಪ ಹಿಂದಕ್ಕೆ, ಆಮೇಲೆ ಕೆಳಗೆ. ಹದ್ದು ಉಸಿರು ಬಿಗಿಹಿಡಿದು ಲಿವರ್ ಆಡಿಸಿದ. ಕಟ್ಟು ಅಟ್ಟಿಯ ಬದಿಗೆ ಸರಿಯಿತು. ಎಲ್ಲೋ ಏನೋ ಮೆತ್ತಗೆ ತಡೆದಂತಾಯಿತು. ಮೂಗನ ಕೈ ಮುಷ್ಟಿ ಕಟ್ಟಿತು, ಆದರೆ ಎಂದಿನಂತೆ ಅಲ್ಲ. ಮುಷ್ಟಿ ಬಿಚ್ಚಿ ಆ ಕೈ ಮೂಗನ ತಲೆಯ ಮೇಲೆ ಹೋಗಿ ಕುಳಿತಿತು. ಸಿಗ್ನಲುಗಳಲ್ಲಿ ಅಂಥದೊಂದು ಇರಲಿಲ್ಲ. ಆಗ ಹದ್ದು ಕೈಯಿಂದ ಕಣ್ಣು ಕಿತ್ತು ಅಟ್ಟಿಯ ಕಡೆ ನೋಡಿದ.

ಕಟ್ಟಿಗೂ ಅಟ್ಟಿಗೂ ನಡುವೆ ಕಿತ್ತಳೆ ಬಣ್ಣದ ಜಾಕೆಟ್ಟು ಕಂಡಿತು. ಜಾಕೆಟ್ಟು ಯಾರದೆಂದು ತಿಳಿದದ್ದು ಏಣಿ ಇಳಿದು ಹತ್ತಿರ ಹೋದ ಮೇಲೆ.

ಶೆಡ್ಡಿನ ಕಂಬದ ಮೇಲೊಂದು ಕ್ಯಾಮೆರಾ ಇತ್ತು. ಅದರಲ್ಲಿ ಎಲ್ಲವೂ ದಾಖಲಾಗಿತ್ತು. ಪೊಲೀಸರು ನೋಡುವ ಮೊದಲೇ ಅದು ಯಾರ ಯಾರದೋ ಫೋನುಗಳಿಗೆ ಹರಿದು, ಇಡೀ ಬೀದಿ ಅದನ್ನು ನೋಡಿತ್ತು. ತಮ್ಮ ಲಾರಿಯ ಹಿಂದಿನಿಂದ ಬರುತ್ತಾನೆ. ಬರಿದಾದ ನೆಲವನ್ನು ದಾಟಿಕೊಂಡು, ಅವಸರವಿಲ್ಲದೆ, ಕ್ಯಾಬಿನ್ನಿನ ಗಾಜಿಗೆ ನೇರ ಎದುರಾಗಿ ಬಂದು ನಿಲ್ಲುತ್ತಾನೆ. ತಲೆಯೆತ್ತಿ ಕೈ ಬೀಸುತ್ತಾನೆ. ಉತ್ತರ ಬರಲಿಲ್ಲವೆಂದು ಇನ್ನೂ ಎತ್ತರಕ್ಕೆ ಬೀಸುತ್ತಾನೆ. ಕಟ್ಟು ಪಕ್ಕದಿಂದ ಬರುವುದು ಕಂಡಾಗ ಅವನು ಸರಿಯುವುದು ಹಿಂದಕ್ಕಲ್ಲ, ಅಟ್ಟಿಯ ಕಡೆಗೆ. ಮೂಗನ ಬೆನ್ನು ಆ ಕಡೆ ಇತ್ತು, ಅವನ ಕಣ್ಣು ಕಟ್ಟಿನ ಇನ್ನೊಂದು ತುದಿಯ ಮೇಲಿತ್ತು. ನೋಡಬಹುದಾಗಿದ್ದವನು ಮೇಲಿದ್ದವನೊಬ್ಬನೇ.

‘ಹಾಡಹಗಲು, ಕಿತ್ತಳೆ ಜಾಕೆಟ್ಟು, ಮೂಗಿನ ನೇರಕ್ಕೆ ನಿಂತು ಕೈ ಬೀಸಿದಾನೆ. ಕಾಣ್ಲಿಲ್ಲ ಅಂದ್ರೆ ನಾವೇನು ಕಿವಿಗೆ ಹೂ ಇಟ್ಕೊಂಡಿದೀವಾ?’ ಎಂದ ಪೊಲೀಸಿನವನು.

‘ನಾನು ಕೈ ನೋಡ್ತಿದ್ದೆ ಸಾರ್.’

‘ಅವನೂ ಕೈಯೇ ಬೀಸಿದ್ದು.’

ಗೇಟಿನ ಹತ್ತಿರ ಆಡಿದ ಮಾತು ಪೊಲೀಸರ ಕಿವಿಗೂ ತಲುಪಿತ್ತು. ಕಣ್ಣೆದುರಿಗೆ ಬರಬೇಡ ಎಂದವನ ಕಣ್ಣೆದುರಿಗೇ ಬಂದು ಸತ್ತಿದ್ದಾನೆ ಎಂದು ಜನ ಆಡಿಕೊಂಡರು. ವರ್ಷಗಟ್ಟಲೆ ಅವನ ಕಣ್ಣನ್ನು ಹೊಗಳಿದವರೇ ಈಗ ಆ ಕಣ್ಣನ್ನು ಸಾಕ್ಷಿಗೆ ಎಳೆದರು. ಇರುವೆ ಕಾಣುವವನಿಗೆ ತಮ್ಮ ಕಾಣಲಿಲ್ಲವೇ?

ಅಮ್ಮ ಒಂದೇ ಸಲ ಕೇಳಿದಳು. ‘ನೋಡಿದ್ಯಾ ಮಗಾ?’

‘ಇಲ್ಲಮ್ಮ.’

ಅವಳು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತನ್ನ ಹಾಸಿಗೆ ಸುತ್ತಿಕೊಂಡು ಕೆಳಗಿನ ಮನೆಗೆ ಹೋದಳು. ಸೊಸೆಗೆ ಜೊತೆ ಬೇಕು ಎಂದಳು. ಅದು ನಿಜವೂ ಇರಬಹುದು. ಫೋನಿನಲ್ಲಿದ್ದದ್ದನ್ನು ಅವಳು ನೋಡಲಿಲ್ಲ. ಯಾರಾದರೂ ತೋರಿಸಲು ಬಂದರೆ ಎದ್ದು ಹೋಗುತ್ತಿದ್ದಳು.

ಕರ್ಮಗಳೆಲ್ಲ ಮುಗಿದ ಮೇಲೆ ತಮ್ಮನ ಹೆಂಡತಿ ಮೆಟ್ಟಿಲು ಹತ್ತಿ ಬಂದಳು. ಒಳಗೆ ಬರಲಿಲ್ಲ. ಹೊಸ್ತಿಲಾಚೆ ನಿಂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತ ಮಾತಾಡಿದಳು.

‘ಭಾವ, ಒಂದೇ ಮಾತು ಕೇಳಿ ಹೋಗ್ತೀನಿ. ನಿಲ್ಲಿಸ್ಬಾರ್ದು ಅಂತ ಇತ್ತಾ, ಇಲ್ಲ ಹೆದರಿಸೋಣ ಅಂತ ಹೋಗಿ ಕೈ ಮೀರ್ತಾ?’

‘ನಾನು ಅವನನ್ನ ನೋಡ್ಲೇ ಇಲ್ಲ ಕಣಮ್ಮ.’

‘ಸುಳ್ಳು ಹೇಳ್ಬೇಡಿ. ಕೋಪ ಇತ್ತು ಅನ್ನಿ, ತಡ್ಕೊಳ್ತೀನಿ. ಒಂದು ಗಳಿಗೆ ತಲೆ ಕೆಡ್ತು ಅನ್ನಿ, ಅದನ್ನೂ ತಡ್ಕೊಳ್ತೀನಿ. ನೋಡ್ಲಿಲ್ಲ ಅನ್ಬೇಡಿ.’

ಅವನು ಅದನ್ನೇ ಹೇಳಿದ. ಅವಳು ಇಳಿದು ಹೋದಳು. ಮಾರನೆಯ ದಿನದಿಂದ ಮಗು ದೊಡ್ಡಪ್ಪನ ಹತ್ತಿರ ಬರುವುದು ನಿಂತಿತು. ಕೆಳಗಿನ ಬಾಗಿಲು ತೆರೆದಿದ್ದರೂ ಅವನ ಹೆಜ್ಜೆ ಕೇಳಿದೊಡನೆ ಮುಚ್ಚಿಕೊಳ್ಳುತ್ತಿತ್ತು.

ಕೆಲಸವಿಲ್ಲದೆ ಮನೆಯಲ್ಲಿ ಕುಳಿತವನು ಅದೇ ದೃಶ್ಯವನ್ನು ಫೋನಿನಲ್ಲಿ ಮತ್ತೆ ಮತ್ತೆ ನೋಡಿದ. ಮೊದಮೊದಲು ತಾನು ಎಲ್ಲಿ ತಪ್ಪಿದೆ ಎಂದು ಹುಡುಕಲು ನೋಡಿದ. ಆಮೇಲೆ ಸುಮ್ಮನೆ ನೋಡಿದ. ಕಣ್ಣು ಮುಚ್ಚಿದರೆ ಕಿತ್ತಳೆ ಜಾಕೆಟ್ಟು ನಡೆದು ಬಂದು ಕೈ ಎತ್ತುತ್ತಿತ್ತು. ದಿನ ಕಳೆದಂತೆ ಆ ಚಿತ್ರ ಎಷ್ಟು ಗಟ್ಟಿಯಾಯಿತೆಂದರೆ, ಅದು ಫೋನಿನಲ್ಲಿ ಕಂಡದ್ದೋ ಕ್ಯಾಬಿನ್ನಿನಿಂದ ಕಂಡದ್ದೋ ಅವನಿಗೆ ತಿಳಿಯದಾಯಿತು. ಮೂಗನ ಕೈಯ ಹಿಂದೆ ಎಲ್ಲೋ ಕಿತ್ತಳೆ ಬಣ್ಣ ಅಲುಗಿದ್ದು ನೆನಪಿದೆ ಅನ್ನಿಸಿತು. ಕಂಡಿರಬೇಕು. ಕಂಡೂ ಲಿವರ್ ತಳ್ಳಿರಬೇಕು. ಇಷ್ಟು ಜನ ಹೇಳುವುದು ಸುಳ್ಳಾಗುತ್ತದೆಯೇ? ತನ್ನೊಳಗೆ ಒಬ್ಬ ಕೊಲೆಗಾರ ಕುಳಿತಿದ್ದು ತನಗೇ ಗೊತ್ತಿರಲಿಲ್ಲ ಎಂದುಕೊಂಡ. ಹಾಗೆ ಅಂದುಕೊಂಡದ್ದೇ ಮನಸ್ಸಿಗೆ ಒಂದು ಬಗೆಯ ನಿರಾಳ ಬಂತು.

ಕಾರ್ಖಾನೆಗಳ ಅಪಘಾತ ತನಿಖೆ ಮಾಡುವ ಇಲಾಖೆಯಿಂದ ಒಬ್ಬ ಮೇಡಂ ಬಂದು ಶೆಡ್ಡಿನ ಕಚೇರಿಯಲ್ಲಿ ಕುಳಿತಿದ್ದರು. ನಡುವಯಸ್ಸು, ಕಡಿಮೆ ಮಾತು, ಪೆನ್ನಿನ ಮುಚ್ಚಳವನ್ನು ಕಚ್ಚುವ ಅಭ್ಯಾಸ. ಹದ್ದು ತಾನಾಗಿ ಅವರ ಮುಂದೆ ಹೋಗಿ ನಿಂತ.

‘ಮೇಡಂ, ನಾನು ಮೊದ್ಲು ಹೇಳಿದ್ದು ತಪ್ಪು. ನಾನು ಅವನನ್ನ ನೋಡಿದ್ದೆ.’

ಅವರು ಬಾಯಿಂದ ಮುಚ್ಚಳ ತೆಗೆದರು. ‘ಕೂತ್ಕೊಳ್ಳಿ. ಏನೇನು ಕಾಣ್ತು, ನಿಧಾನವಾಗಿ ಹೇಳಿ.’

‘ಲಾರಿ ಹಿಂದಿಂದ ಬಂದ. ಜಾಕೆಟ್ಟಿನ ಮೇಲೆ ಬಿಳಿ ಪಟ್ಟಿ ಅಡ್ಡಡ್ಡ ದಾಟಿರುತ್ತಲ್ಲ, ಗುಣಾಕಾರದ ಗುರುತಿನ ಹಾಗೆ, ಅದು ಹೊಳೀತಿತ್ತು. ನಿಂತ. ಕೈ ಎತ್ತಿದ.’

‘ಪಟ್ಟಿ ಚೆನ್ನಾಗಿ ಕಾಣ್ತಾ?’

‘ಈಗಲೂ ಕಣ್ಣಲ್ಲಿದೆ.’

ಮೇಡಂ ಎದ್ದು ಹೋಗಿ ಗೂಟಕ್ಕೆ ನೇತುಹಾಕಿದ್ದ ಒಂದು ಜಾಕೆಟ್ಟನ್ನು ತಂದು ಮೇಜಿನ ಮೇಲೆ ಹಾಸಿದರು. ಎದೆಯ ಮೇಲೆ ಎರಡು ನೇರ ಪಟ್ಟಿಗಳಿದ್ದವು. ತಿರುಗಿಸಿ ಹಾಕಿದರು. ಬೆನ್ನಿನ ಮೇಲೆ ಗುಣಾಕಾರದ ಗುರುತು.

‘ನಿಮ್ಮ ತಮ್ಮ ನಿಮಗೆ ಮುಖ ಮಾಡಿ ಬಂದ್ರು. ಮೇಲೆ ಕೂತಿದ್ದ ನಿಮಗೆ ಅವರ ಬೆನ್ನು ಹೇಗೆ ಕಾಣುತ್ತೆ? ಬೆನ್ನು ಕಂಡದ್ದು ಕಂಬದ ಮೇಲಿನ ಕ್ಯಾಮೆರಾಕ್ಕೆ.’

ಅವನು ಜಾಕೆಟ್ಟನ್ನೇ ನೋಡಿದ.

‘ಇನ್ನೊಂದು ಕೇಳ್ತೀನಿ. ಒಂದು ಕೈ ಬೀಸಿದ್ರು. ಇನ್ನೊಂದು ಕೈಯಲ್ಲಿ ಎದೆ ಹತ್ರ ಏನೋ ಹಿಡ್ಕೊಂಡಿದ್ರು ಅಂತ ಲಾರಿ ಡ್ರೈವರ್ ಹೇಳಿದಾನೆ. ಏನದು?’

ಅವನಿಗೆ ಗೊತ್ತಿರಲಿಲ್ಲ. ಕ್ಯಾಮೆರಾದಲ್ಲಿ ಅದು ಕಾಣುತ್ತಿರಲಿಲ್ಲ.

‘ನೀವು ನೋಡಿಲ್ಲ. ನೋಡಿದ್ದು ಫೋನಿನಲ್ಲಿ’ ಎಂದರು ಮೇಡಂ. ‘ಮನೆಗೆ ಹೋಗಿ. ಅದನ್ನ ಇನ್ನು ನೋಡ್ಬೇಡಿ. ಇಲ್ಲದ್ದನ್ನ ಒಪ್ಕೊಂಡ್ರೆ ನನ್ನ ಕೆಲ್ಸ ಕೆಡುತ್ತೆ, ನಿಮ್ಮ ತಮ್ಮ ಏನೂ ವಾಪಸ್ ಬರಲ್ಲ.’

ತಾನು ಕೊಲೆಗಾರನಲ್ಲ ಎಂದು ತಿಳಿದು ಅವನಿಗೆ ಹಗುರವಾಗಬೇಕಿತ್ತು. ಆದರೆ ಹಿಡಿದು ನಿಲ್ಲಲು ಸಿಕ್ಕಿದ್ದ ಒಂದೇ ಕಂಬವನ್ನು ಯಾರೋ ಕಿತ್ತುಕೊಂಡಂತಾಯಿತು. ಬೀದಿಯ ಬದಿಯಲ್ಲಿ ಬಹಳ ಹೊತ್ತು ಕುಳಿತಿದ್ದು ಮನೆಗೆ ಹೋದ.

ತಮ್ಮನ ಹೆಂಡತಿ ಪಟ್ಟು ಬಿಟ್ಟಿರಲಿಲ್ಲ. ಪೊಲೀಸ್ ಠಾಣೆಗೂ ತನಿಖೆಯ ಮೇಡಂ ಹತ್ತಿರಕ್ಕೂ ಅಲೆಯುತ್ತಲೇ ಇದ್ದಳು. ಒಂದು ದಿನ ಮೇಡಂ ಅವಳನ್ನು ಶೆಡ್ಡಿಗೆ ಕರೆಸಿದರು. ಅಂದು ಕೆಲಸ ನಿಲ್ಲಿಸಿದ್ದರು. ಹದ್ದುವನ್ನೂ ಬರಹೇಳಿದ್ದರು. ಅವನು ದೂರದ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ.

‘ಅಲ್ಲಿ ಕೂತ್ರೆ ಹೇಗೆ ಕಾಣುತ್ತೆ ಅಂತ ನೀವೇ ನೋಡ್ಬೇಕು ಅಂದಿದ್ರಲ್ಲ. ಬನ್ನಿ’ ಎಂದು ಮೇಡಂ ಅವಳನ್ನು ಏಣಿ ಹತ್ತಿಸಿ ಕ್ಯಾಬಿನ್ನಿಗೆ ಕರೆದುಕೊಂಡು ಹೋದರು. ಬೇರೊಂದು ಪಾಳಿಯ ಕ್ರೇನ್ ಡ್ರೈವರ್ ಲಿವರ್ ಹಿಡಿದ. ಗಾಜಿನ ಮುಂದೆ ಅವಳನ್ನು ನಿಲ್ಲಿಸಿದರು. ಕೆಳಗೆ ಮೂಗ ಬಿಳಿ ಗ್ಲೌಸು ಹಾಕಿ ನಿಂತಿದ್ದ. ಯಾವ ಸನ್ನೆಗೆ ಏನರ್ಥ ಎಂದು ಮೇಡಂ ಅವಳಿಗೆ ಹೇಳಿಕೊಟ್ಟರು.

‘ಮೊದ್ಲು ನಿಮಗೆ ಕೈ ಓದೋಕೆ ಬರ್ಲಿ, ಆಮೇಲೆ ನಿಮ್ಮ ಯಜಮಾನರ ಹಾಗೆ ಒಬ್ಬರನ್ನ ನಡೆಸಿ ತೋರಿಸ್ತೀನಿ. ಕೈ ಏನು ಹೇಳುತ್ತೋ ಅದನ್ನ ನೀವು ಗಟ್ಟಿಯಾಗಿ ಹೇಳಿ, ಇವರು ನಿಮ್ಮ ಮಾತು ಕೇಳಿ ಕ್ರೇನ್ ನಡೆಸ್ತಾರೆ. ತಪ್ಪು ಹೇಳಿದ್ರೆ ಕಟ್ಟು ಕಂಬಕ್ಕೆ ಹೊಡೆಯುತ್ತೆ, ಜೋಪಾನ.’

ಕಟ್ಟು ಮೇಲೆದ್ದಿತು. ‘ಬಲಕ್ಕೆ... ನಿಲ್ಲು... ಹಿಂದೆ. ನಿಧಾನ. ಕೆಳಗೆ, ಕೆಳಗೆ, ಇಲ್ಲ, ನಿಲ್ಲು’ ಎನ್ನುತ್ತ ಅವಳು ಗಾಜಿಗೆ ಹಣೆ ತಾಗಿಸಿ ನಿಂತಳು. ಮೂಗನ ಬೆರಳುಗಳನ್ನು ಬಿಟ್ಟು ಜಗತ್ತಿನಲ್ಲಿ ಬೇರೇನೂ ಇರಲಿಲ್ಲ. ಕಟ್ಟು ಅಟ್ಟಿಯ ಮೇಲೆ ಕುಳಿತಾಗ ಅವಳಿಗೆ ದೀರ್ಘ ಉಸಿರು ಬಂತು.

‘ಬಂತು ಮೇಡಂ. ಈಗ ಅವರ ಹಾಗೆ ಯಾರನ್ನೋ ನಡೆಸ್ತೀನಿ ಅಂದ್ರಲ್ಲ, ನಡೆಸಿ. ನೋಡ್ತೀನಿ.’

ಮೇಡಂ ತಮ್ಮ ಫೋನನ್ನು ಅವಳ ಕೈಗಿತ್ತರು. ಅವಳ ಬೆನ್ನ ಹಿಂದೆ ನಿಂತು ಅದೇ ಗಾಜಿನ ಮೂಲಕ ಈಗಷ್ಟೇ ಹಿಡಿದ ದೃಶ್ಯ ಅದರಲ್ಲಿತ್ತು. ಕಿತ್ತಳೆ ಜಾಕೆಟ್ಟಿನ ಒಬ್ಬ ಕೂಲಿಯವನು ಲಾರಿಯ ಹಿಂದಿನಿಂದ ಬಂದು, ನೆಲ ದಾಟಿ, ಎದುರಿಗೆ ನಿಂತು ಎರಡೂ ಕೈ ಬೀಸಿ, ಬಂದ ದಾರಿಯಲ್ಲೇ ಹೋಗಿದ್ದ. ಅವನು ಬೀಸುತ್ತಿದ್ದಾಗ ‘ನಿಧಾನ, ನಿಧಾನ’ ಎನ್ನುವ ಅವಳದೇ ದನಿ ಕೇಳಿಸುತ್ತಿತ್ತು.

‘ಇದು ಈಗಿನದಾ?’ ಎಂದಳು.

‘ಈಗಿನದೇ. ನಿಮಗೆ ಮೊದ್ಲೇ ಹೇಳ್ದೆ ಇದ್ದದ್ದಕ್ಕೆ ಕ್ಷಮಿಸಿ. ಹೇಳಿದ್ರೆ ನೀವು ಅವನನ್ನೇ ಹುಡುಕ್ತಿದ್ರಿ. ಹೋದ ವಾರ ನಾನೂ ಇಲ್ಲೇ ನಿಂತು ನೋಡ್ದೆ. ಯಾರೋ ಬರ್ತಾರೆ ಅಂತ ಗೊತ್ತಿದ್ದೂ ಒಂದು ಸಲ ನಂಗೆ ಕಾಣ್ಲಿಲ್ಲ.’

ಅವಳು ಕ್ಯಾಬಿನ್ನಿನ ತಗಡಿನ ನೆಲದ ಮೇಲೆ ಕುಸಿದು ಕುಳಿತಳು. ಅವಳನ್ನು ಇಳಿಸಲು ಮೂಗ ಏಣಿ ಹತ್ತಿ ಬರಬೇಕಾಯಿತು. ಮಾತಿನ ಮಲ್ಲ ಅವತ್ತು ಒಂದು ಮಾತೂ ಆಡಲಿಲ್ಲ.

ಕೆಳಗೆ ಬಂದವಳು ನೇರ ಹದ್ದು ನಿಂತಿದ್ದ ಗೋಡೆಯ ಹತ್ತಿರ ಹೋದಳು. ಅವನು ತಲೆ ತಗ್ಗಿಸಿದ. ಕ್ಷಮೆ ಕೇಳುತ್ತಾಳೆ ಎಂದು ಮೇಲ್ವಿಚಾರಕ ಅಂದುಕೊಂಡಿರಬೇಕು, ಮರ್ಯಾದೆಗೆ ಅತ್ತ ತಿರುಗಿ ನಿಂತ.

‘ಭಾವ, ನೀವು ನೋಡ್ಲಿಲ್ಲ’ ಎಂದಳು.

‘ಇಲ್ಲಮ್ಮ.’

‘ನೀವು ನೋಡಿದ್ರಿ ಅಂದ್ಕೊಂಡೇ ಇಷ್ಟು ದಿನ ಎದ್ದು ಓಡಾಡ್ತಿದ್ದೆ.’ ಅವಳ ಕಣ್ಣು ಒಣಗಿತ್ತು. ‘ಅವತ್ತು ಅವರು ನೆಟ್ಟಗೆ ಕೆಲಸಕ್ಕೆ ಹೋಗ್ತಿದ್ರು. ನಾನೇ ತಡೆದೆ. ಭಾವನಿಗೆ ಊಟದ ಡಬ್ಬಿ ಕಟ್ಟಿದೀನಿ, ಮೊದ್ಲು ಅದನ್ನ ಕೊಟ್ಟು ಮಾತಾಡಿಸಿ ಅಂದೆ. ಅಣ್ಣ ಮೇಲೆ ಇರ್ತಾನೆ, ಇಳಿದ ಮೇಲೆ ಕೊಡ್ತೀನಿ ಅಂದ್ರು. ಇಳಿದು ಬಂದ್ರೆ ಮತ್ತೆ ಮುಖ ತಿರುಗಿಸ್ಕೊಂಡು ಹೋಗ್ತಾರೆ, ಮೇಲಿದ್ದಾಗ್ಲೇ ಕೈ ಬೀಸಿ, ಅವರ ಕಣ್ಣಿಗೆ ಕಾಣದೆ ಇರುತ್ತಾ ಅಂದೆ. ನಾನು ಅಂದಿದ್ದು. ನಾನು ಹೇಳಿ ಕಳಿಸಿದ್ದು.’

‘ಇನ್ನೊಂದು ಕೈಯಲ್ಲಿದ್ದದ್ದು ಅದೇನಾ?’ ಎಂದು ಹದ್ದು ಕೇಳಿದ.

‘ಅದೇ.’

‘ಬೈಯೋಕೆ ನೀವೊಬ್ರಿದ್ರಿ’ ಎಂದಳು. ‘ಈಗ ನಾನೊಬ್ಬಳೇ ಆದೆ.’

ತನಿಖೆ ಮುಗಿಯಿತು. ಹದ್ದುವಿನದು ತಪ್ಪಿಲ್ಲ, ಸರಕು ಗಾಳಿಯಲ್ಲಿರುವಾಗ ಜನ ಓಡಾಡದಂತೆ ತಡೆ ಇರದಿದ್ದದ್ದು ತಪ್ಪು ಎಂದಾಯಿತು. ಶೆಡ್ಡಿನವರು ಕಂಬದಿಂದ ಕಂಬಕ್ಕೆ ಸರಪಳಿ ಕಟ್ಟಿ, ನೆಲಕ್ಕೆ ಹಳದಿ ಗೆರೆ ಬಳಿದರು. ಪೊಲೀಸಿನವನು ಎದುರಿಗೆ ಸಿಕ್ಕಿದಾಗ ಬೇರೆ ಕಡೆ ನೋಡಿದ. ಹದ್ದುವನ್ನು ಮತ್ತೆ ಕೆಲಸಕ್ಕೆ ಕರೆದರು.

ಅವನು ಹೋದ. ಏಣಿ ಹತ್ತಿ ಕುಳಿತ. ಮೂಗ ಕೆಳಗೆ ನಿಂತು ಕೈ ಎತ್ತಿದ. ಹದ್ದು ಆ ಕೈಯನ್ನು ನೋಡಲು ಹೋದ, ಆದರೆ ಅದರ ಜೊತೆಗೆ ಎಲ್ಲವೂ ಒಟ್ಟಿಗೆ ಒಳನುಗ್ಗಿತು. ಲಾರಿಯ ಮೇಲಿನ ಟಾರ್ಪಾಲು ಗಾಳಿಗೆ ಬಡಿಯುತ್ತಿತ್ತು. ಯಾರೋ ಬಾಟಲಿಯಿಂದ ನೀರು ಕುಡಿಯುತ್ತಿದ್ದರು, ಯಾರೋ ಬೆನ್ನು ಕೆರೆದುಕೊಳ್ಳುತ್ತಿದ್ದರು. ಪಾರಿವಾಳ, ಬೆಸುಗೆಯ ಕಿಡಿ, ಗಾಜಿನ ಮೇಲಿನ ಬೆರಳಚ್ಚು, ಒದ್ದೆ ನೆಲದ ಹೊಳಪು. ಪ್ರತಿಯೊಂದೂ ನಾನೇ ಅವನು, ನನ್ನನ್ನು ನೋಡು ಎಂದು ಕೈ ಬೀಸುತ್ತಿತ್ತು. ಈ ಗದ್ದಲದಲ್ಲಿ ಬಿಳಿ ಗ್ಲೌಸು ಎಲ್ಲೋ ಮುಳುಗಿಹೋಯಿತು. ಕಟ್ಟು ಗಡಿಯಾರದ ಲೋಲಕದಂತೆ ತೂಗತೊಡಗಿತು. ಮೂಗ ಮುಷ್ಟಿ ಕಟ್ಟಿದ್ದು ಅವನಿಗೆ ತಡವಾಗಿ ಕಂಡಿತು.

ಹೇಗೋ ಕಟ್ಟನ್ನು ನೆಲಕ್ಕಿಳಿಸಿ ಅವನು ಕೆಳಗೆ ಬಂದ. ‘ನಂಗೆ ಈಗ ಎಲ್ಲಾ ಕಾಣುತ್ತೆ ಕಣೋ, ಇನ್ನು ಈ ಕೆಲ್ಸ ಆಗಲ್ಲ’ ಎಂದ ಮೂಗನಿಗೆ. ಮೇಲ್ವಿಚಾರಕ ಒಳ್ಳೆಯವನು, ಉಗ್ರಾಣದಲ್ಲಿ ಸರಪಳಿ, ಹುಕ್ಕುಗಳಿಗೆ ಎಣ್ಣೆ ಹಚ್ಚುವ ಕೆಲಸಕ್ಕೆ ಹಾಕಿದ. ಆದರೂ ಬೀದಿ ದಾಟುವುದು ಅವನಿಗೆ ಶಿಕ್ಷೆಯಾಯಿತು. ಎಲ್ಲ ಗಾಡಿಗಳೂ, ಎಲ್ಲ ಮುಖಗಳೂ ಒಂದೇ ಸಲ ಕಾಣುತ್ತಿದ್ದವು. ಯಾವುದನ್ನು ಬಿಡಬೇಕೆಂದು ತಿಳಿಯದೆ, ಕಣ್ಣಿಗೆ ಕೈ ಅಡ್ಡ ಹಿಡಿದು ಅಂಚಿನಲ್ಲೇ ನಿಂತುಬಿಡುತ್ತಿದ್ದ. ಯಾರಾದರೂ ಕುಡುಕನೆಂದುಕೊಂಡು ತೋಳು ಹಿಡಿದು ದಾಟಿಸುತ್ತಿದ್ದರು.

ತಮ್ಮನ ಹೆಂಡತಿ ಮಗಳನ್ನು ಕರೆದುಕೊಂಡು ತನ್ನ ಅಕ್ಕನ ಊರಿಗೆ ಹೊರಟಳು. ಅಲ್ಲಿ ಹೊಲಿಗೆ ಕೆಲಸ ಸಿಗುತ್ತದೆ ಎಂದಳು. ಸಾಮಾನು ಹೇರುವಾಗ ಹದ್ದು ಕೆಳಗಿಳಿದು ಬಂದು ಮಂಚದ ಒಂದು ತುದಿ ಹಿಡಿದ. ಅವಳು ಬೇಡ ಎನ್ನಲಿಲ್ಲ. ಮಗು ಗಾಡಿಯ ಕಿಟಕಿಯಿಂದ ‘ದೊಡ್ಡಪ್ಪ, ನೀನು ಯಾವಾಗ ಬರ್ತೀಯ?’ ಎಂದು ಕೇಳಿತು. ಅವಳ ತಾಯಿ ಮುಂದಿನ ರಸ್ತೆಯನ್ನೇ ನೋಡುತ್ತಿದ್ದಳು. ‘ಬರ್ತೀನಿ ಪುಟ್ಟಿ’ ಎಂದ. ಯಾರೂ ಅವನನ್ನು ಕರೆದಿರಲಿಲ್ಲ.

ಅಮ್ಮ ಹಾಸಿಗೆ ಸುತ್ತಿಕೊಂಡು ಮತ್ತೆ ಮೇಲೆ ಬಂದಳು. ತಾಯಿ ಮಗ ಒಂದೇ ಕೋಣೆಯಲ್ಲಿ ಉಂಡು, ಒಂದೇ ಕೋಣೆಯಲ್ಲಿ ಮಲಗಿ, ಉಪ್ಪು ಕೊಡು, ನೀರು ಕೊಡು ಎನ್ನುವಷ್ಟು ಮಾತಾಡಿಕೊಂಡು ದಿನ ತಳ್ಳಿದರು.

ಒಂದು ಭಾನುವಾರ ಮಧ್ಯಾಹ್ನ ಅವಳು ಬಟ್ಟೆ ಮಡಚುತ್ತಿದ್ದವಳು ತಟ್ಟನೆ ಕೈ ನಿಲ್ಲಿಸಿದಳು.

‘ನಿನ್ನ ಫೋನಲ್ಲಿ ಅದು ಇನ್ನೂ ಇದೆಯಾ?’

ಏನೆಂದು ಅವನು ಕೇಳಲಿಲ್ಲ. ‘ಇದೆ.’

‘ತೋರಿಸು.’

‘ಬೇಡಮ್ಮ.’

‘ಎಲ್ಲರೂ ನೋಡಿದಾರೆ. ಹೆತ್ತವಳು ನಾನೊಬ್ಬಳೇ ನೋಡಿಲ್ಲ. ತೋರಿಸು.’

ಅವನು ಅವಳ ಪಕ್ಕ ಚಾಪೆಯ ಮೇಲೆ ಕುಳಿತು ಫೋನು ಹಿಡಿದ. ಅವಳು ಕನ್ನಡಕವನ್ನು ಸೆರಗಿನಿಂದ ಒರೆಸಿ ಹಾಕಿಕೊಂಡಳು. ಕ್ರೇನಾಗಲೀ ಕಟ್ಟಾಗಲೀ ಮೂಗನಾಗಲೀ ಅವಳಿಗೆ ಬೇಕಿರಲಿಲ್ಲ. ಲಾರಿಯ ಹಿಂದಿನಿಂದ ಮಗ ಬಂದೊಡನೆ ಅವಳ ಬೆರಳು ಪರದೆಯ ಮೇಲೆ ಅವನ ಜೊತೆಯೇ ನಡೆಯಿತು. ಅವನು ನಿಂತ. ಕೈ ಎತ್ತಿದ.

‘ಇಲ್ಲಿಗೆ ನಿಲ್ಲಿಸು.’

ಅವನು ನಿಲ್ಲಿಸಿದ. ಅವಳು ಫೋನನ್ನು ತನ್ನ ಕೈಗೆ ತೆಗೆದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದಳು.

‘ಕೂದಲು ಕತ್ತರಿಸ್ಕೊಂಡಿದ್ದ’ ಎಂದಳು. ‘ಕುತ್ತಿಗೆ ಹಿಂದೆ ಎಷ್ಟು ನೀಟಾಗಿ ಮಾಡಿದಾರೆ ನೋಡು. ಮತ್ತೆ ಕೆಲಸಕ್ಕೆ ಹೋಗ್ಬೇಕು ಅಂತ ಹಿಂದಿನ ದಿನ ಹೋಗಿರ್ಬೇಕು.’

ಅಷ್ಟು ಸಲ ನೋಡಿದ್ದರೂ ಹದ್ದು ಅದನ್ನು ನೋಡಿರಲಿಲ್ಲ. ಅವನು ಬಾಗಿ ನೋಡಿದ. ಹೌದು, ಹೆಲ್ಮೆಟ್ಟಿನ ಕೆಳಗೆ ಹೊಸದಾಗಿ ಕತ್ತರಿಸಿದ ಗೆರೆ ಸ್ಪಷ್ಟವಾಗಿತ್ತು. ಪರದೆ ತಾನಾಗಿ ಕಪ್ಪಾಯಿತು. ಅಮ್ಮ ಅದನ್ನು ಅವನ ಕಡೆ ಚಾಚಿ, ಮತ್ತೆ ಹಚ್ಚು ಎಂದಳು.